ಜೀರಿಗೆ ಮೆಣಸು ಕೈಗೂ ಉರಿಯುವುದೇಕೆ?
ಮೂಡಿಗೆರೆ ತೋಟದ ಜೀರಿಗೆ ಮೆಣಸು ಬಿಡಿಸಿ ಕೈ ಸಂಜೆವರೆಗೂ ಉರಿಯಿತು, ನಾಲಿಗೆಯ ರುಚಿ ಕೈಗೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದೀರಿ. ಖಾರ ನಿಜವಾಗಿ ರುಚಿಯೇ ಅಲ್ಲ, ನೋವು. ನಾಲಿಗೆಯಲ್ಲೂ ಚರ್ಮದಲ್ಲೂ ನರದ ತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ನರದೊಳಗೆ ನುಗ್ಗುತ್ತವೆ. ಕೈಯ ನರದಲ್ಲಿ ಹುಟ್ಟಿದ ವಿದ್ಯುತ್ ಸಂಕೇತ ಬೆನ್ನುಹುರಿ ಹಾದು ಮಿದುಳು ಸೇರುತ್ತದೆ. ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಬಿಸಿಯೇ ಇಲ್ಲದೆ ಅದೇ ಬಾಗಿಲು ತೆರೆಯುತ್ತದೆ. ಮಿದುಳಿಗೆ ಸಿಗುವುದು 'ಸುಡ್ತಿದೆ' ಅನ್ನೋ ಸುದ್ದಿಯೇ. 1997ರಲ್ಲಿ ಈ ಪ್ರೋಟೀನನ್ನು ಪತ್ತೆ ಹಚ್ಚಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳು ಅದೇ ಹಣ್ಣನ್ನು ಸುಮ್ನೆ ನುಂಗುತ್ತವೆ ಅಲ್ವಾ? ಅವುಗಳ ಈ ಪ್ರೋಟೀನಿಗೆ ಕ್ಯಾಪ್ಸೈಸಿನ್ ನಾಟುವುದಿಲ್ಲ. ಬರೀ ನೀರಲ್ಲಿ ತೊಳೆದರೆ ಉರಿ ಹೋಗುವುದು ಕಷ್ಟ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ. ಅಲ್ಲಿವರೆಗೆ ಕಣ್ಣು ಮುಟ್ಟಬೇಡಿ.