ಓದುಗರ ಪ್ರಶ್ನೆ: ಕುಚ್ಚಲಕ್ಕಿ, ಮಳೆಗಾಲ ಮತ್ತು ತೂಕ

ಪ್ರಶ್ನೆ: ವಯಸ್ಸು 42, ಎತ್ತರ 155 ಸೆಂ.ಮೀ. ಅನ್ನ ಪೂರ್ತಿ ಬಿಟ್ಟು, ರಾತ್ರಿ ಬರೀ ಹಣ್ಣು ತಿಂದು ನಾಲ್ಕು ತಿಂಗಳಲ್ಲಿ 7 ಕೆ.ಜಿ. ಇಳಿಸಿದೆ. ವರ್ಷ ತುಂಬುವಷ್ಟರಲ್ಲಿ ಅಷ್ಟೂ ವಾಪಸ್, ಈಗ 63. ಕುಚ್ಚಲಕ್ಕಿ ಶಾಶ್ವತವಾಗಿ ಬಿಡಬೇಕೇ?
– ಓದುಗರು, ಉಡುಪಿ

ಉತ್ತರ: ಬೇಡ. 100 ಗ್ರಾಂ ಅಕ್ಕಿಯಲ್ಲೂ ಅಷ್ಟೇ ಗೋಧಿ ಹಿಟ್ಟಿನಲ್ಲೂ ಇರುವುದು ಹೆಚ್ಚುಕಡಿಮೆ 350 ಕ್ಯಾಲರಿ. ಅನ್ನ ಬಿಟ್ಟು ಎಣ್ಣೆ ಸವರಿದ ಚಪಾತಿ ಹಿಡಿದರೆ ಲೆಕ್ಕ ಏರುವುದೇ ಹೊರತು ಇಳಿಯುವುದಿಲ್ಲ.

ಪ್ರೋಟೀನ್ ಇಲ್ಲದೆ ಅವಸರದಲ್ಲಿ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಹಗುರಾದ ದೇಹಕ್ಕೆ ಮೊದಲಿನಷ್ಟು ಊಟ ಬೇಡ, ಹಸಿವು ಮಾತ್ರ ಮೊದಲಿಗಿಂತ ಜೋರು. ಹಳೆಯ ಅಳತೆಗೆ ಮರಳಿದ ದಿನದಿಂದಲೇ ತೂಕವೂ ಮರಳುತ್ತದೆ.

ಅಕ್ಕಿಯನ್ನು ಬೇಯಿಸುವ ಮೊದಲೇ ಅಳೆಯಿರಿ. ಒಂದು ಹೊತ್ತಿಗೆ ತಲೆಗೆ 50 ಗ್ರಾಂ. ಬೆಂದರೆ ಸುಮಾರು 150 ಗ್ರಾಂ ಆಗುತ್ತದೆ. ಬಟ್ಟಲಲ್ಲಿ ಇದು ಬಡಪಾಯಿಯಂತೆ ಕಾಣುತ್ತದೆ, ನಿಜ. ಆದರೆ ಅಷ್ಟನ್ನೇ ತಿಳಿ ಸಮೇತ ಗಂಜಿ ಮಾಡಿದರೆ ಬಟ್ಟಲು ತುಂಬುತ್ತದೆ, ಹೊಟ್ಟೆಯೂ. ಜೊತೆಗೆ ಉಪ್ಪಿನಕಾಯಿ ಒಂದೇ ಸಾಲದು: ಹೆಸರುಕಾಳು ಅಥವಾ ಹುರುಳಿ ಪಲ್ಯ, ಇಲ್ಲವೇ ಒಂದು ಬಂಗುಡೆ ಮೀನು ಇರಲಿ. ಕೆಂಪು ತೌಡು ಉಳಿದಿರುವ ಅಕ್ಕಿಯನ್ನೇ ಕೊಳ್ಳಿ. ಪಾಲಿಶ್ ಮಾಡಿದ ಬಿಳಿ ಕುಚ್ಚಲಕ್ಕಿಯಲ್ಲಿ ನಾರು ಬಹುಪಾಲು ಹೋಗಿರುತ್ತದೆ.

ನಮ್ಮ ಕರಾವಳಿಯ ಅಡುಗೆಯಲ್ಲಿ ಕ್ಯಾಲರಿ ಅಡಗಿ ಕೂರುವುದು ಅನ್ನಕ್ಕಿಂತ ತೆಂಗಿನಲ್ಲಿ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲರಿ. ಅಷ್ಟು ಅರೆದ ಗಸಿಯನ್ನು ನಾಲ್ವರು ಹಂಚಿಕೊಂಡರೆ ತಲೆಗೆ 90ರ ಆಸುಪಾಸು, ಅದರಲ್ಲಿ ತಪ್ಪೇನಿಲ್ಲ. ಗಸಿಗೂ ಕಾಯಿ, ಪಲ್ಯಕ್ಕೂ ಕಾಯಿ, ಮೇಲೆ ಚಟ್ನಿ ಎಂದಾಗ ಕೆಡುತ್ತದೆ. ಒಂದೂಟಕ್ಕೆ ಕಾಯಿ ಹಾಕಿದ ಪದಾರ್ಥ ಒಂದೇ ಸಾಕು. ಬೂತಾಯಿ ಮೀನಿನ ಪುಳಿಮುಂಚಿ (ಕಾಯಿ ಇಲ್ಲದ ಹುಳಿ-ಖಾರದ ಪದಾರ್ಥ) ಮಾಡಿದ ದಿನ ಅದೂ ಬೇಡ. ಎಣ್ಣೆ ಒಂದು ಟೀ ಚಮಚಕ್ಕೆ 40–45 ಕ್ಯಾಲರಿ, ಬಾಟಲಿಯಿಂದ ನೇರ ಸುರಿಯಬೇಡಿ. ಸಂಜೆ ಚಹಾದ ಜೊತೆಗಿನ ಬನ್ಸ್, ಗೋಳಿಬಜೆ ವಾರಕ್ಕೊಮ್ಮೆ ಇರಲಿ.

ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಈಗ 26. ಭಾರತೀಯರಿಗೆ 23 ದಾಟಿದರೆ ಹೆಚ್ಚು ಎಂದೇ ಲೆಕ್ಕ. ಹಾಗೆಂದು ಒಂದೇ ಸಲ 55ಕ್ಕೆ ಗುರಿ ಇಡಬೇಡಿ. ವಾರಕ್ಕೆ ಅರ್ಧ ಕೆ.ಜಿ. ಮೀರದಂತೆ 3 ಕೆ.ಜಿ. ಇಳಿಸಿ, ಎರಡು ತಿಂಗಳು ಅಲ್ಲೇ ನಿಲ್ಲಿಸಿ, ಆಮೇಲೆ ಮುಂದಿನ 3. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇದ್ದರೆ ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ಪಣಂಬೂರು ಬೀಚಿನಲ್ಲಿ ನಡೆಯುತ್ತೇನೆ. ಜೂನ್ ಬಂತೆಂದರೆ ಎಲ್ಲ ನಿಂತುಹೋಗುತ್ತದೆ. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಗುರಿ ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಫ್ಲ್ಯಾಟಿನ ಮೆಟ್ಟಿಲು ಹತ್ತಿ, ಮಂಡಿ ನೋವಿದ್ದರೆ ಲಿಫ್ಟಿನಲ್ಲಿ ಇಳಿಯಿರಿ: ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ತಲಾ 10ರಂತೆ ಮೂರು ಸುತ್ತು. ಸುಲಭವಾಯಿತೆಂದರೆ ಬೆನ್ನಿನ ಚೀಲಕ್ಕೆ 5 ಕೆ.ಜಿ. ಅಕ್ಕಿ ತುಂಬಿ.

ಮತ್ತೆ ಬೀಚಿಗೆ ಹೋದಾಗ ಸಡಿಲ ಮರಳಲ್ಲಿ ನಡೆಯಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಒದ್ದೆಯಾಗಿ ಗಟ್ಟಿಯಾದ ಮರಳೇ ಒಳ್ಳೆಯದು. ಆಟಿಯ (ತುಳುವಿನ ಮಳೆಗಾಲದ ತಿಂಗಳು) ಕೆಸುವಿನೆಲೆಯ ಪತ್ರೊಡೆಯನ್ನು ಹಬೆಯಲ್ಲಿ ಬೆಂದ ಹಾಗೇ ತಿನ್ನಿ. ಕಾವಲಿಗೆ ಹಾಕಿದರೆ ಎಣ್ಣೆ ಕುಡಿಯುತ್ತದೆ.

ಪ್ರಶ್ನೆ: ಭಾನುವಾರ ಕೋರಿ ರೊಟ್ಟಿ ತಿಂದರೆ ಸೋಮವಾರ ತೂಕ ಒಂದೂವರೆ ಕೆ.ಜಿ. ಜಾಸ್ತಿ!
– ಓದುಗರು, ಸುರತ್ಕಲ್

ಉತ್ತರ: ಒಂದು ಕೆ.ಜಿ. ಕೊಬ್ಬು ಕೂಡಲು ಸುಮಾರು 7,700 ಕ್ಯಾಲರಿ ಹೆಚ್ಚುವರಿ ಬೇಕು. ಒಂದೂಟದಲ್ಲಿ ಯಾರಿಂದಲೂ ಆಗದ ಕೆಲಸ. ಅದು ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲೇ ಉಳಿದ ಊಟ. ತೂಕ ನೋಡುವುದನ್ನು ಗುರುವಾರ ಬೆಳಿಗ್ಗೆ, ಶೌಚ ಮುಗಿಸಿ, ಚಹಾಕ್ಕೆ ಮುಂಚೆ ಇಟ್ಟುಕೊಳ್ಳಿ.