ತಕ್ಕಡಿಯಲ್ಲಿ ತೂಗಿ, ಆಮೇಲೆ ಬ್ಯಾಗ್ ಕೊಳ್ಳಿ

ಈ ಬಾರಿಯ ಪ್ರಶ್ನೆಗಳೆಲ್ಲ ಕ್ಯಾಮೆರಾ ಹೊತ್ತು ಊರು ಬಿಡುವವರವು. ಹೆಚ್ಚಿನವರು ಕೇಳಿರುವುದು ‘ಯಾವ ಬ್ಯಾಗ್ ತಗೊಳ್ಳಲಿ?’ ಎಂದು. ಏನು ಹೊರುತ್ತೀರಿ, ಎಷ್ಟು ದೂರ ನಡೆಯುತ್ತೀರಿ ಎಂಬುದು ನಿಶ್ಚಯವಾದ ಮೇಲೆ ಕೊಳ್ಳಬೇಕಾದ ವಸ್ತು ಬ್ಯಾಗು. ಆದ್ದರಿಂದ ಉತ್ತರಗಳಲ್ಲಿ ಬ್ಯಾಗಿನ ಹೆಸರಿಗಿಂತ ಗ್ರಾಮಿನ ಲೆಕ್ಕವೇ ಹೆಚ್ಚಾಗಿದೆ.

ಪ್ರಶ್ನೆ: ಜನವರಿಯಲ್ಲಿ ಬೆಂಗಳೂರಿನಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ಕಾಜಿರಂಗ. ನಿಕಾನ್ ಡಿ7500, 200–500 ಎಂಎಂ ಮತ್ತು 18–140 ಎಂಎಂ ಲೆನ್ಸ್, ಲ್ಯಾಪ್‌ಟಾಪ್, ಟ್ರೈಪಾಡ್ ಇವೆ. ವಿಮಾನದೊಳಗೆ 7 ಕೆ.ಜಿ. ಮಾತ್ರ ಬಿಡುತ್ತಾರೆ. ಏನನ್ನು ಬಿಟ್ಟು ಹೋಗಲಿ?
— ತುಮಕೂರಿನ ಓದುಗರು

ಉತ್ತರ: ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಒಂದೊಂದನ್ನೇ ತೂಗಿ ಬರೆದಿಡಿ. ಬ್ಯಾಟರಿ, ಕಾರ್ಡ್ ಸೇರಿ ಡಿ7500 720 ಗ್ರಾಂ ಬರುತ್ತದೆ. 200–500 ಲೆನ್ಸ್ ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಸಮೇತ 2,300, 18–140 ಲೆನ್ಸ್ 490. ಒಟ್ಟು 3,510 ಗ್ರಾಂ. ಇದನ್ನು ಎರಡು ಕೆ.ಜಿ. ತೂಗುವ ದಪ್ಪ ಪ್ಯಾಡಿಂಗಿನ ಕ್ಯಾಮೆರಾ ಬ್ಯಾಗಿನಲ್ಲಿಟ್ಟು ಒಂದೂವರೆ ಕೆ.ಜಿ.ಯ ಲ್ಯಾಪ್‌ಟಾಪ್ ಸೇರಿಸಿದರೆ 7,010 ಗ್ರಾಂ. ಚಾರ್ಜರ್, ಕೇಬಲ್ ಇನ್ನೂ ಹೊರಗೇ ಇವೆ, ಮಿತಿ ಆಗಲೇ ದಾಟಿತು.

ಇಲ್ಲಿ ಹೆಚ್ಚು ತಿನ್ನುತ್ತಿರುವುದು ಬ್ಯಾಗು. 900 ಗ್ರಾಮಿನೊಳಗಿನ 30 ಲೀಟರಿನ ಸಾದಾ ಟ್ರೆಕಿಂಗ್ ಬ್ಯಾಗ್, ಅದರೊಳಗೆ ಸುಮಾರು 350 ಗ್ರಾಮಿನ ಪ್ಯಾಡೆಡ್ ಕ್ಯೂಬ್ (ಮೆತ್ತೆ ಹಾಕಿದ ಒಳಪೆಟ್ಟಿಗೆ) ಇಟ್ಟರೆ ಮುಕ್ಕಾಲು ಕೆ.ಜಿ. ಉಳಿಯುತ್ತದೆ. ಕ್ಯೂಬಿನಿಂದ ಇನ್ನೊಂದು ಉಪಕಾರವೂ ಉಂಟು: ವಿಮಾನದ ಬಾಗಿಲ ಬಳಿ ‘ಜಾಗವಿಲ್ಲ, ಬ್ಯಾಗ್ ಕೆಳಗೆ ಹಾಕಬೇಕು’ ಎಂದರೆ, ಕ್ಯೂಬನ್ನು ಮಾತ್ರ ಎಳೆದುಕೊಂಡು ಕೈಯಲ್ಲಿ ಹಿಡಿದು ಒಳಗೆ ಹೋಗಬಹುದು.

ಲ್ಯಾಪ್‌ಟಾಪ್ ಮನೆಯಲ್ಲಿರಲಿ. 128 ಜಿಬಿಯ ಒಂದು ಕಾರ್ಡಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾ (ಸಂಸ್ಕರಿಸದ ಕಚ್ಚಾ) ಚಿತ್ರಗಳು ಹಿಡಿಯುತ್ತವೆ. ಡಿ7500ರಲ್ಲಿ ಕಾರ್ಡಿಗೆ ಒಂದೇ ಸ್ಲಾಟ್ ಇರುವುದರಿಂದ ದಿನಕ್ಕೊಂದು ಹೊಸ ಕಾರ್ಡ್ ಹಾಕಿ. ತೆಗೆದದ್ದನ್ನು ಕ್ಯಾಮೆರಾ ಬ್ಯಾಗಿನಲ್ಲಿಡದೆ ಮೈಮೇಲಿನ ಜೇಬಿನಲ್ಲಿಡಿ. ಬ್ಯಾಗ್ ಕಳೆದರೂ ಚಿತ್ರ ಕಳೆಯಬಾರದು.

ಟ್ರೈಪಾಡೂ ಬೇಡ. ಸಫಾರಿ ಜೀಪಿನಲ್ಲಿ ಅದರ ಕಾಲು ಚಾಚುವಷ್ಟು ಜಾಗವಿಲ್ಲ. ಬದಲಿಗೆ ಜಿಪ್ ಇರುವ ಖಾಲಿ ಬೀನ್‌ಬ್ಯಾಗ್ (ಲೆನ್ಸ್ ಊರಲು ಕಾಳು ತುಂಬುವ ಚೀಲ) ಮಡಚಿ ಒಯ್ಯಿರಿ, ಇನ್ನೂರು ಗ್ರಾಂ ಕೂಡ ಇರದು. ಅಲ್ಲಿ ಎರಡು ಕೆ.ಜಿ. ಅಕ್ಕಿ ಕೊಂಡು, ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅದರೊಳಗೆ ಇಳಿಸಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದರೆ ಲೆನ್ಸಿನ ಅಡಿಗೆ ಹಳ್ಳವಾಗದೆ ಮೇಲೆ ಉರುಳುತ್ತದೆ. ಹೊರಡುವ ದಿನ ಆ ಅಕ್ಕಿಯನ್ನು ಉಳಿದುಕೊಂಡ ಕಡೆಯ ಅಡುಗೆಮನೆಗೆ ಕೊಡಬಹುದು. ಬೀನ್‌ಬ್ಯಾಗ್ ಮೇಲೆ ಲೆನ್ಸಿನ ಮೈಯೇ ಕೂರುವುದರಿಂದ ಕಾಲರ್ ಬಿಚ್ಚಿಟ್ಟು ಬನ್ನಿ. ಅದರಿಂದಲೇ 210 ಗ್ರಾಂ ಇಳಿಯುತ್ತದೆ.

ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿಟ್ಟು ಪ್ಯಾಕ್ ಮಾಡಬೇಡಿ. ಎರಡು ಕೆ.ಜಿ.ಗೂ ಮೀರಿದ ಲೆನ್ಸ್ ಮೌಂಟಿಗೆ (ಕ್ಯಾಮೆರಾದಲ್ಲಿ ಲೆನ್ಸ್ ಸಿಕ್ಕಿಸುವ ಬಾಯಿಗೆ) ಜೋತುಬಿದ್ದಿರುವಾಗ ಒಂದು ಕುಲುಕಾಟವಾದರೆ ಆ ಭಾರವೆಲ್ಲ ಮೌಂಟಿನ ಸ್ಕ್ರೂಗಳ ಮೇಲೆ ಬೀಳುತ್ತದೆ. ಜೂಮನ್ನು 200ಕ್ಕೆ ಇಳಿಸಿ, ಲಾಕ್ ಹಾಕಿ, ಎರಡೂ ಕಡೆ ಮುಚ್ಚಳ ಹಾಕಿ, ಹುಡ್ (ಲೆನ್ಸಿನ ಮುಂದಿನ ನೆರಳುಕೊಳವೆ) ತಿರುಗಿಸಿ ಹಾಕಿ, ಮುಂಭಾಗ ಕೆಳಗಾಗಿ ನಿಲ್ಲಿಸಿ.

ಹೆಚ್ಚುವರಿ ಬ್ಯಾಟರಿ, ಪವರ್‌ಬ್ಯಾಂಕ್ ಎರಡನ್ನೂ ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಅಂಟಿಸಿ; ಬೀಗದ ಕೈ ತಗುಲಿದರೂ ಶಾರ್ಟ್ ಆಗಿ ಬಿಸಿಯೇರಬಹುದು. ಪವರ್‌ಬ್ಯಾಂಕಿಗೆ 100 ವ್ಯಾಟ್-ಅವರ್ ಮಿತಿ. 20,000 ಎಂಎಎಚ್ ಎಂದಿದ್ದರೆ ಅದು 20 ಆಂಪಿಯರ್-ಅವರ್; 20ನ್ನು ಒಳಗಿನ ಸೆಲ್ಲಿನ 3.7 ವೋಲ್ಟಿನಿಂದ ಗುಣಿಸಿ: 74. ತೊಂದರೆಯಿಲ್ಲ. ಆದರೆ ಅಂಕಿ ಅಳಿಸಿಹೋದ ಹಳೆಯ ಪವರ್‌ಬ್ಯಾಂಕನ್ನು ತಪಾಸಣೆಯಲ್ಲಿ ತೆಗೆದಿರಿಸಿಕೊಳ್ಳಬಹುದು.

ಪ್ರಶ್ನೆ: ಕ್ಯಾಮೆರಾ ಬ್ಯಾಗಿಗೆ ದುಡ್ಡಿಲ್ಲ. ಕಾಲೇಜಿನ ಬ್ಯಾಗನ್ನೇ ಬಳಸಬಹುದೇ?
— ಮೈಸೂರಿನ ವಿದ್ಯಾರ್ಥಿ

ಉತ್ತರ: ಧಾರಾಳವಾಗಿ. ಕಳ್ಳರ ಕಣ್ಣಿಗೂ ಅದು ಕಾಲೇಜು ಬ್ಯಾಗಾಗಿಯೇ ಕಾಣುತ್ತದೆ. ಒಳಗಿನ ಪೆಟ್ಟಿಗೆಯನ್ನು ನೀವೇ ಮಾಡಿಕೊಳ್ಳಿ.

ಮೊದಲು ಹಳೇ ರಟ್ಟಿನಲ್ಲಿ ಪೆಟ್ಟಿಗೆ ಕತ್ತರಿಸಿ ಬ್ಯಾಗಿನಲ್ಲಿಟ್ಟು ಜಿಪ್ ಎಳೆದು ನೋಡಿ. ರಟ್ಟು ಹಾಳಾದರೆ ನಷ್ಟವಿಲ್ಲ, ಫೋಮ್ ಹಾಳಾದರೆ ಉಂಟು. ಅಳತೆ ಸರಿಯೆನಿಸಿದ ಮೇಲೆ 10 ಎಂಎಂ ದಪ್ಪದ ಇವಿಎ ಫೋಮ್ ಶೀಟ್ ತನ್ನಿ. ಬದಿಗಳಿಗೆ ಒಂದು ಪದರ, ತಳಕ್ಕೆ ಎರಡು. ಬಸ್ಸಿನಲ್ಲಿ ಬ್ಯಾಗನ್ನು ದಢಕ್ಕನೆ ಕೆಳಗಿಟ್ಟಾಗ ಪೆಟ್ಟು ತಿನ್ನುವುದು ತಳ. ಒಳಗೋಡೆಗೆ ವೆಲ್ಕ್ರೋದ ಮೆತ್ತನೆ ಬದಿ, ಅಡ್ಡಗೋಡೆಯ ಅಂಚಿಗೆ ಮುಳ್ಳಿನ ಬದಿ ಬರಬೇಕು. ಅಂಟಿಸಿದರಷ್ಟೇ ಸಾಲದು: ಬಿಸಿಲಿನಲ್ಲಿ ಅಂಟು ಸಡಿಲವಾಗಿ ವೆಲ್ಕ್ರೋ ಕಿತ್ತುಬರುತ್ತದೆ. ಫೋಮಿಗೆ ಬಟ್ಟೆ ಸುತ್ತಿ, ಆ ಬಟ್ಟೆಗೆ ವೆಲ್ಕ್ರೋವನ್ನು ಟೈಲರ್ ಹತ್ತಿರ ಹೊಲಿಸಿಕೊಳ್ಳಿ.

ದಿಂಬಿನ ಸ್ಪಂಜು, ಥರ್ಮಾಕೋಲ್ ಎರಡೂ ಬೇಡ. ಸ್ಪಂಜು ಹಳತಾದಂತೆ ಪುಡಿಯಾಗುತ್ತದೆ, ಥರ್ಮಾಕೋಲಿನ ಕಾಳು ಲೆನ್ಸ್ ಬದಲಿಸುವಾಗ ಸೆನ್ಸರಿನ ಮೇಲೆ ಹೋಗಿ ಕೂರುತ್ತದೆ. ಎಲ್ಲ ಮುಗಿದ ಮೇಲೆ ಕ್ಯಾಮೆರಾದಷ್ಟೇ ತೂಕದ ನೀರಿನ ಬಾಟಲಿ ಇಟ್ಟು ಒಂದು ದಿನ ಓಡಾಡಿ. ಬಾಟಲಿ ಒಳಗೆ ಕುಲುಕಾಡಿದರೆ ಅಡ್ಡಗೋಡೆ ಇನ್ನಷ್ಟು ಹತ್ತಿರ ಸರಿಸಿ.

ಪ್ರಶ್ನೆ: ಬೈಕಿನ ಹಿಂದೆ ಕ್ಯಾರಿಯರಿಗೆ ಬ್ಯಾಗ್ ಕಟ್ಟಿ ಮುಳ್ಳಯ್ಯನಗಿರಿಗೆ ಹೋಗಬಹುದೇ?
— ಹಾಸನದ ಓದುಗರು

ಉತ್ತರ: ಬಟ್ಟೆಬರೆ ಕಟ್ಟಿ, ಕ್ಯಾಮೆರಾ ಬೇಡ. ಇಂಜಿನ್ ನಡುಕವೂ ಗುಂಡಿಯ ಏಟೂ ಕ್ಯಾರಿಯರಿನ ಕಬ್ಬಿಣದಿಂದ ನೇರ ಲೆನ್ಸಿಗೆ ಹೋಗಿ ಸ್ಕ್ರೂ ಸಡಿಲಾಗುತ್ತವೆ. ಬೆನ್ನ ಮೇಲಿದ್ದರೆ ಆ ನಡುಕವನ್ನು ನಿಮ್ಮ ಮೈ ನುಂಗಿಕೊಳ್ಳುತ್ತದೆ. ಬ್ಯಾಗ್ ಚಿಕ್ಕದಿರಲಿ, ಎದೆಯ ಪಟ್ಟಿ ಬಿಗಿದಿರಲಿ.

ಪ್ರಶ್ನೆ: ಹಂಪಿಯಲ್ಲಿ ಎರಡು ದಿನ ನಡೆದೇ ಸುತ್ತುವ ಆಸೆ. ಕ್ಯಾನನ್ ಆರ್50, 18–45, 55–210, 50 ಎಂಎಂ ಲೆನ್ಸ್‌ಗಳಿವೆ. ಸ್ಲಿಂಗ್ ಬ್ಯಾಗ್ ಒಳ್ಳೆಯದೋ, ಬೆನ್ನಿನ ಬ್ಯಾಗೋ? ಭುಜನೋವು ಇದೆ.
— ಹುಬ್ಬಳ್ಳಿಯ ಶಿಕ್ಷಕಿ

ಉತ್ತರ: ನಿಮ್ಮ ಸಾಮಾನು ಬಹಳ ಹಗುರ ಮೇಡಂ. ಕ್ಯಾಮೆರಾ 375, ಲೆನ್ಸ್‌ಗಳು ಕ್ರಮವಾಗಿ 130, 270, 160. ಒಟ್ಟು 935 ಗ್ರಾಂ. ಒಂದು ಲೀಟರ್ ನೀರು ಇದಕ್ಕಿಂತ ಭಾರ! ಹಂಪಿಯ ಬಿಸಿಲಿಗೆ ಎರಡು ಲೀಟರಾದರೂ ಬೇಕು. ಹಾಗಾಗಿ ಬ್ಯಾಗ್ ಯಾವುದೆಂದು ನಿರ್ಧರಿಸಬೇಕಾದ್ದು ನೀರಿನ ಲೆಕ್ಕದಲ್ಲಿ. ಮೂರು ಕೆ.ಜಿ. ಒಂದೇ ಭುಜದ ಮೇಲೆ ಬಿದ್ದರೆ, ನೋವಿರುವ ನಿಮಗೆ ಮಧ್ಯಾಹ್ನದೊಳಗೆ ಸಾಕಾಗಿಹೋಗುತ್ತದೆ. 15ರಿಂದ 18 ಲೀಟರಿನ, ಎರಡು ಭುಜಕ್ಕೂ ಪಟ್ಟಿಯಿರುವ ಹಗುರ ಬ್ಯಾಗ್ ತೆಗೆದುಕೊಳ್ಳಿ. ನೀರಿನ ಬಾಟಲಿ ಬೆನ್ನಿಗೆ ಅಂಟಿಕೊಂಡಂತಿರಲಿ; ಹೊರಗಿನ ಜೇಬಿಗೆ ಹಾಕಿದರೆ ಅದೇ ತೂಕ ಹಿಂದಕ್ಕೆ ಎಳೆಯುತ್ತದೆ.

ಬೆನ್ನಿನ ಬ್ಯಾಗಿಗೆ ಒಂದು ದೋಷವಿದೆ: ಒಳಗೆ ಹೋದ ಕ್ಯಾಮೆರಾ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಕ್ಯಾಮೆರಾಕ್ಕೆ 18–45 ಹಾಕಿ, ಪಟ್ಟಿಯನ್ನು ಭುಜದಿಂದ ಸೊಂಟಕ್ಕೆ ಅಡ್ಡಲಾಗಿ ಹಾಕಿಕೊಂಡು ನಡೆಯಿರಿ. ಬ್ಯಾಗಿನಲ್ಲಿ ಉಳಿದೆರಡು ಲೆನ್ಸ್, ನೀರು, ಟೋಪಿ. ಮಾತಂಗ ಬೆಟ್ಟ ಹತ್ತುವಾಗ ಮಾತ್ರ ಕ್ಯಾಮೆರಾ ಒಳಗಿರಲಿ. ಬಂಡೆಗೆ ಕೈಕೊಟ್ಟು ಮುಂದಕ್ಕೆ ಬಾಗಿದೊಡನೆ ತೂಗಾಡುವ ಕ್ಯಾಮೆರಾ ಕಲ್ಲಿಗೆ ಬಡಿಯುತ್ತದೆ. ಸ್ಲಿಂಗ್ ಬ್ಯಾಗ್ ಮುಂದಕ್ಕೆ ಜಾರಿ ಕಾಲಿಗೆ ಅಡ್ಡ ಬರುವುದೂ ಇಂಥಲ್ಲೇ.

ಟ್ರೈಪಾಡ್ ಮನೆಯಲ್ಲೇ ಇರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳೊಳಗೆ ಅದನ್ನು ನಿಲ್ಲಿಸಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕಪ್ಪೆ ಚಿತ್ರಕ್ಕಾಗಿ ಆಗುಂಬೆಗೆ ಹೋಗಿದ್ದೆ. ರೇನ್‌ಕವರ್ ಹಾಕಿದ್ದರೂ ಬ್ಯಾಗಿನ ತಳದಲ್ಲಿ ನೀರು. ಎರಡು ತಿಂಗಳಲ್ಲಿ ಲೆನ್ಸಿನೊಳಗೆ ಜೇಡರಬಲೆಯಂಥ ಎಳೆಗಳು. ತಪ್ಪಿದ್ದೆಲ್ಲಿ?
— ಸಾಗರದ ಓದುಗರು

ಉತ್ತರ: ರೇನ್‌ಕವರ್ ಬೆನ್ನಿನ ಕಡೆ ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಭುಜದ ಪಟ್ಟಿ, ಬೆನ್ನಿನ ಫೋಮ್ ಹಿಡಿದು ಹೊಲಿಗೆಯ ತೂತುಗಳಿಂದ ಒಳಗಿಳಿಯುತ್ತದೆ. ಕೆಳಗೆ ಕವರ್ ತೊಟ್ಟಿಯಂತೆ ಆ ನೀರನ್ನು ಹಿಡಿದಿಡುತ್ತದೆ. ಬ್ಯಾಗ್ ನೆನೆಯಲಿ, ಸಾಮಾನು ನೆನೆಯಬಾರದು: ಕ್ಯೂಬನ್ನು ಡ್ರೈಬ್ಯಾಗಿನಲ್ಲಿಟ್ಟು (ನೀರು ನುಸುಳದ ಚೀಲ), ಗಾಳಿ ಹಿಂಡಿ, ಬಾಯಿಯನ್ನು ಮೂರು ಸುತ್ತು ಮಡಚಿ ಕ್ಲಿಪ್ ಹಾಕಿ, ಅದನ್ನು ಬ್ಯಾಗಿಗೆ ಇಳಿಸಿ. ಹೊರಡುವ ಮೊದಲು ಡ್ರೈಬ್ಯಾಗಿನಲ್ಲಿ ಪೇಪರ್ ತುಂಬಿ ಬಕೆಟ್ ನೀರಿನಲ್ಲಿ ಐದು ನಿಮಿಷ ಅದುಮಿ ಹಿಡಿದು ನೋಡಿ. ಎ.ಸಿ. ಕೋಣೆಯಲ್ಲಿ ಮಲಗಿದ್ದರೆ, ಬೆಳಿಗ್ಗೆ ಕ್ಯಾಮೆರಾವನ್ನು ಕೋಣೆಯೊಳಗೇ ಜಿಪ್ ಕವರಿನಲ್ಲಿ ಮುಚ್ಚಿ ಹೊರಗೆ ತನ್ನಿ. ಅರ್ಧ, ಮುಕ್ಕಾಲು ಗಂಟೆ ಬಿಟ್ಟು ತೆರೆದರೆ ಹನಿ ಕವರಿನ ಮೇಲೆ ಕೂತಿರುತ್ತದೆ, ಗಾಜಿನ ಮೇಲಲ್ಲ.

ಆ ಎಳೆಗಳು ಫಂಗಸ್, ಅಂದರೆ ಬೂಷ್ಟು. ಅದು ಬಂದದ್ದು ಹೆಚ್ಚಾಗಿ ಮನೆಗೆ ಬಂದ ಮೇಲೆಯೇ ಇರಬೇಕು. ಒದ್ದೆ ಬ್ಯಾಗಿನೊಳಗೇ ಲೆನ್ಸ್ ಉಳಿದಿತ್ತಲ್ಲವೇ? ಬ್ಯಾಗಿನ ಫೋಮ್, ಒಳಗಿನ ಮೆತ್ತನೆ ಬಟ್ಟೆ ತೇವವನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ, ಕತ್ತಲೆಯೂ ಅಲ್ಲಿದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೊಂದಿಲ್ಲ. ಬ್ಯಾಗ್ ಇರುವುದು ಪ್ರಯಾಣಕ್ಕೆ, ದಾಸ್ತಾನಿಗಲ್ಲ. ಬಂದ ರಾತ್ರಿಯೇ ಎಲ್ಲ ಹೊರತೆಗೆಯಿರಿ, ಅಡ್ಡಗೋಡೆಗಳನ್ನೂ ಕಿತ್ತು ಫ್ಯಾನಿನ ಕೆಳಗೆ ಹರಡಿ.

ಲೆನ್ಸ್‌ಗಳನ್ನು ರಬ್ಬರ್ ಅಂಚಿನ, ಗಾಳಿಯಾಡದ ಅಡುಗೆಮನೆಯ ಡಬ್ಬದಲ್ಲಿಡಿ. 10 ಲೀಟರ್ ಡಬ್ಬಕ್ಕೆ 100ರಿಂದ 150 ಗ್ರಾಂ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ಡಿಜಿಟಲ್ ತೇವಾಂಶ ಮಾಪಕ. ಅಂಕಿ 40–50ರ ನಡುವೆ ಇರಲಿ. 60 ದಾಟಿತೆಂದರೆ ಜೆಲ್ ಸುಸ್ತಾಗಿದೆ. ಕಿತ್ತಳೆ ಬಣ್ಣದ್ದು ಹಸಿರಿಗೆ ತಿರುಗಿದಾಗ ಓವನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಓವನಿಗೆ ಹಾಕಲೇಬೇಡಿ. ಅಕ್ಕಿ ಡಬ್ಬದಲ್ಲಿ ಲೆನ್ಸ್ ಹುಗಿಯುವ ಪದ್ಧತಿ ಬಿಟ್ಟುಬಿಡಿ. ಅಕ್ಕಿ ಎಳೆದುಕೊಳ್ಳುವ ತೇವ ತೀರಾ ಕಡಿಮೆ, ಅದರ ಹಿಟ್ಟಿನ ಧೂಳು ಮಾತ್ರ ಫೋಕಸ್ ರಿಂಗಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ.

ಎಳೆ ಕಂಡ ಲೆನ್ಸನ್ನು ಉಳಿದವುಗಳಿಂದ ಬೇರೆಯಿಟ್ಟು, ಬೇಗ ರಿಪೇರಿಗೆ ಕೊಡಿ. ಅಂಚಿನಲ್ಲಷ್ಟೇ ಇದ್ದರೆ ಬಿಚ್ಚಿ ಒರೆಸಿ ತೆಗೆಯಬಹುದು. ಗಾಜಿನ ಲೇಪನವನ್ನೇ ತಿಂದುಬಿಟ್ಟಿದ್ದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ.