ಪ್ರತಿಕ್ರಿಯೆ: ಬೋ ಕ್ಲಿಪ್ ಬಿಟ್ಟು ಬರ್ತಿದೆ

ಮಗಳ ಕೂದಲಿಗೆ ಹಾಕೋ ರಿಬ್ಬನ್ ಬೋನ ಗ್ಲೂ ಗನ್ನಲ್ಲಿ (ಗ್ಲೂ ಕರಗಿಸಿ ಅಂಟಿಸೋ ಉಪಕರಣ) ಅಂಟಿಸಿದ್ರೂ ಕ್ಲಿಪ್ಪಿಂದ ಬಿಟ್ಟು ಬರ್ತಿದೆ, ಗನ್ ಕೆಟ್ಟಿದೆಯಾ ಅಂತ ಕೇಳಿದ್ರಲ್ಲ, ಗನ್ ಕೆಟ್ಟಿಲ್ಲ. ನುಣ್ಣಗಿನ ಸ್ಟೀಲ್ ಕ್ಲಿಪ್ ಮೇಲೆ ಬಿಸಿ ಗ್ಲೂ ತಾಗಿದ ಕೂಡ್ಲೇ ತಣ್ಣಗಾಗಿ ಗಟ್ಟಿಯಾಗುತ್ತೆ, ಸರಿಯಾಗಿ ಹಿಡಿಯೋದೇ ಇಲ್ಲ, ಅದಕ್ಕೇ ಮಗಳ ಬೋ ಕಳಚಿ ಬೀಳ್ತಿರೋದು. ಕಾರವಾರದ ಮಳೆಗಾಲದ ತೇವನೂ ಸೇರಿರಬಹುದು, ಕ್ಲಿಪ್ ನೋಡದೆ ಖಚಿತ ಹೇಳೋಕಾಗಲ್ಲ.

ಮೊದ್ಲು ಹಳೇ ಗ್ಲೂ ಕಿತ್ತು, ಕ್ಲಿಪ್ಪಿನ ಮೇಲ್ಭಾಗನ ನಯವಾದ ಸ್ಯಾಂಡ್ ಪೇಪರಲ್ಲಿ ಉಜ್ಜಿ, ನೇಲ್ ಪಾಲಿಶ್ ರಿಮೂವರಲ್ಲಿ ಒರೆಸಿ ಒಣಗಿಸಿ. ಬೋನ ನೇರ ಲೋಹಕ್ಕೆ ಅಂಟಿಸ್ಬೇಡಿ. ಗ್ರೋಸ್‌ಗ್ರೇನ್ ರಿಬ್ಬನ್ ಸಿಗುತ್ತಲ್ಲ, ಅಡ್ಡಡ್ಡ ಗೆರೆ ಇರೋದು, ಅದನ್ನ ಕ್ಲಿಪ್ಪಿನಷ್ಟೇ ಅಗಲದ್ದು ತಗೊಂಡು, ತುದಿನ ಲೈಟರಲ್ಲಿ ಒಂಚೂರು ಸುಟ್ಟು, ಕ್ಲಿಪ್ಪಿನ ಮೇಲಿನ ಪಟ್ಟಿ ಮೇಲಿಂದ ತಂದು ಅದರ ಬಾಯೊಳಗೆ, ಅಂದ್ರೆ ಕೂದಲು ಹಿಡಿಯೋ ಒಳಭಾಗಕ್ಕೆ, ಮಡಚಿ ಅಂಟಿಸಿ. ಸ್ಯಾಟಿನ್ ಬೇಡ, ಜಾರುತ್ತೆ. ಬಾಯೊಳಗೆ ರಿಬ್ಬನ್ ಇದ್ರೆ ಪಾಪುವಿನ ತೆಳು ಕೂದಲಲ್ಲೂ ಕ್ಲಿಪ್ ನಿಲ್ಲುತ್ತೆ, ಅದೊಂದು ಲಾಭ. ಆಮೇಲೆ ಬೋನ ಆ ರಿಬ್ಬನ್ನಿಗೆ ಸೂಜಿ ದಾರದಲ್ಲಿ ನಾಲ್ಕೈದು ಹೊಲಿಗೆ ಹಾಕಿ ಬಿಗಿಯಾಗಿ ಗಂಟು ಹಾಕಿ, ನನ್ನ ಪ್ರಕಾರ ಗ್ಲೂಗಿಂತ ದಾರನೇ ನಂಬಿಕಸ್ತ.

ಮಗುಗೆ ಎರಡು ವರ್ಷ ಅಂದ್ರಲ್ಲ, ನಡುವಿನ ಮುತ್ತು ತೆಗೆದುಬಿಡಿ, ಕಿತ್ತು ಬಾಯಿಗೆ ಹಾಕೋ ವಯಸ್ಸು, ಅದರ ಜಾಗಕ್ಕೆ ಬಟ್ಟೆ ಪಟ್ಟಿ ಸುತ್ತಿ ಹೊಲೀರಿ. ಕೊಡೋ ಮೊದ್ಲು ಬೋ ಹಿಡಿದು ಜೋರಾಗಿ ಒಮ್ಮೆ ಎಳೆದು ನೋಡಿ, ಅಲ್ಲಾಡಿದ್ರೆ ಇನ್ನೆರಡು ಹೊಲಿಗೆ.